ಮುಂದಿನ ವಾರ ಮೊದಲ ಥೆರಪಿ ಸೆಷನ್: ಆ ಕೋಣೆಯೊಳಗೆ ನಿಜವಾಗಿ ಏನು ನಡೆಯುತ್ತದೆ?

ಪ್ರಶ್ನೆ ಕೇಳಿದವರು: ಖಾಲಿಪುಟ

ಎಲ್ಲರಿಗೂ ನಮಸ್ಕಾರ. ಸುಮಾರು ಒಂದೂವರೆ ವರ್ಷದಿಂದ ನನಗೆ ರಾತ್ರಿ ಮೂರು ಗಂಟೆಯ ಹೊತ್ತಿಗೆ ಎಚ್ಚರವಾಗುತ್ತದೆ. ಆಮೇಲೆ ಬೆಳಗಾಗುವವರೆಗೂ ಎದೆ ಬಡಿದುಕೊಳ್ಳುತ್ತ, ಮಾಡಿದ ಮತ್ತು ಮಾಡದೆ ಬಿಟ್ಟ ಕೆಲಸಗಳ ಲೆಕ್ಕ ಹಾಕುತ್ತ ಮಲಗಿರುತ್ತೇನೆ. ಕಚೇರಿಯ ಕೆಲಸ ಹೇಗೋ ಸಾಗುತ್ತಿದೆ, ಮನೆಯವರ ಕಣ್ಣಿಗೂ ವಿಶೇಷವೇನೂ ಬಿದ್ದಿಲ್ಲ, ಆದರೆ ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಈಗ ಮನಸ್ಸು ನಿಲ್ಲುತ್ತಿಲ್ಲ. ಬಹಳ ಹಿಂದೆಮುಂದೆ ನೋಡಿ, ಎರಡು ಬಾರಿ ಫೋನ್ ಮಾಡಿ ಮಾತನಾಡದೆ ಇಟ್ಟು, ಮೂರನೆಯ ಬಾರಿಗೆ ಮಾತಿನ ಮೂಲಕ ಮನಸ್ಸಿನ ತೊಂದರೆಗಳಿಗೆ ಚಿಕಿತ್ಸೆ ಕೊಡುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಅವರ ಬಳಿ ಸಮಯ ಪಡೆದಿದ್ದೇನೆ. ಮುಂದಿನ ಗುರುವಾರ ಮೊದಲ ಭೇಟಿ.

ನನ್ನ ಅಳುಕು ಚಿಕಿತ್ಸೆಯ ಬಗ್ಗೆ ಎನ್ನುವುದಕ್ಕಿಂತ ಆ ಕೋಣೆಯ ಬಗ್ಗೆ. ಹಲ್ಲಿನ ವೈದ್ಯರ ಬಳಿ ಹೋದರೆ ಬಾಯಿ ತೆರೆಯಬೇಕೆಂದು ಗೊತ್ತು. ಇಲ್ಲಿ ಏನನ್ನು ತೆರೆಯಬೇಕೆಂದೇ ತಿಳಿಯುತ್ತಿಲ್ಲ. ಮಾತು ಎಲ್ಲಿಂದ ಆರಂಭಿಸಬೇಕು? ಬಾಲ್ಯದ ಕಥೆಯನ್ನೆಲ್ಲ ಹೇಳಬೇಕಾಗುತ್ತದೆಯೇ? ನಾನು ಹೇಳಿದ್ದನ್ನು ಅವರು ಬರೆದಿಟ್ಟರೆ ಅದು ಯಾರ ಕೈ ಸೇರುತ್ತದೆ? ಎಷ್ಟು ದಿನ ಹಿಡಿಯುತ್ತದೆ, ಉಪಯೋಗವಾಗುತ್ತಿದೆ ಎಂದು ತಿಳಿಯುವುದು ಹೇಗೆ, ಅವರು ನನಗೆ ಹೊಂದದಿದ್ದರೆ ಏನು ಮಾಡಬೇಕು? ಇದೆಲ್ಲದರ ಜೊತೆಗೆ, ನನ್ನದು ಅಷ್ಟು ದೊಡ್ಡ ತೊಂದರೆಯಲ್ಲ, ನಿಜವಾಗಿಯೂ ಕಷ್ಟದಲ್ಲಿರುವ ಯಾರದೋ ಸಮಯವನ್ನು ನಾನು ಕಸಿದುಕೊಳ್ಳುತ್ತಿದ್ದೇನೆಯೇ ಎಂಬ ಸಂಕೋಚವೂ ಕಾಡುತ್ತಿದೆ. ಈ ದಾರಿಯಲ್ಲಿ ನಡೆದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿಧಾನಗತಿ

ಖಾಲಿಪುಟ ಅವರೇ, ಎರಡು ಬಾರಿ ಫೋನ್ ಇಟ್ಟಿರಿ ಎಂದು ಓದಿದಾಗ ನಗು ಬಂತು. ನಾನು ಕಟ್ಟಡದ ಬಾಗಿಲವರೆಗೆ ಹೋಗಿ ಮರಳಿದವ. ಆಮೇಲೆ ಹದಿನಾಲ್ಕು ತಿಂಗಳು ಥೆರಪಿ ಪಡೆದೆ. ಅದರಲ್ಲಿ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

ಮೊದಲ ಸೆಷನ್‌ಗೆ ನಾನು ನಾಲ್ಕು ಪುಟಗಳ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಯಾವ ವರ್ಷ ಏನಾಯಿತು, ಯಾರು ಏನೆಂದರು, ಯಾವಾಗ ನಿದ್ದೆ ಕೆಟ್ಟಿತು ಎಂಬುದೆಲ್ಲ ಕ್ರಮವಾಗಿ, ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿಯಂತೆ ಅದರಲ್ಲಿತ್ತು. ಅವರು ಮೊದಲು ಕೇಳಿದ ಪ್ರಶ್ನೆ, "ಇಷ್ಟು ದಿನ ಬಾರದವರು ಈಗಲೇ ಬರಬೇಕೆಂದು ಅನ್ನಿಸಿದ್ದು ಏಕೆ?" ಎಂಬುದು. ನನ್ನ ನಾಲ್ಕು ಪುಟಗಳಲ್ಲಿ ಅದೊಂದಕ್ಕೆ ಉತ್ತರವಿರಲಿಲ್ಲ. ಆದ್ದರಿಂದ ಎಲ್ಲಿಂದ ಆರಂಭಿಸಬೇಕೆಂಬ ಚಿಂತೆಯನ್ನು ಬಿಡಿ. "ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ" ಎಂದರೂ ಅದೇ ಆರಂಭವಾಗುತ್ತದೆ. ಪ್ರಶ್ನೆ ಕೇಳಿ ಮಾತನ್ನು ಮುಂದಕ್ಕೆ ನಡೆಸುವುದು ಅವರ ಕೆಲಸ. ಮರೆತುಹೋಗುವ ಭಯವಿದ್ದರೆ, ನಿಮ್ಮನ್ನು ಹೆಚ್ಚು ಬಾಧಿಸುತ್ತಿರುವ ಎರಡು ಮೂರು ಸಂಗತಿಗಳನ್ನು ಮತ್ತು ಸೇವಿಸುತ್ತಿರುವ ಔಷಧಿಗಳ ಹೆಸರನ್ನು ಬರೆದುಕೊಂಡು ಹೋದರೆ ಸಾಕು.

ಚಲನಚಿತ್ರಗಳಲ್ಲಿ ಕಾಣುವ ಮಂಚದಂಥ ಸೋಫಾ ಅಲ್ಲಿರಲಿಲ್ಲ. ಎದುರುಬದುರಾಗಿಯೂ ಅಲ್ಲದೆ ತುಸು ಓರೆಯಾಗಿ ಇಟ್ಟ ಎರಡು ಕುರ್ಚಿಗಳು, ಒಂದು ಗಡಿಯಾರ, ಕೈಗೆ ಸಿಗುವಂತೆ ಒಂದು ಟಿಶ್ಯೂ ಪೆಟ್ಟಿಗೆ ಇದ್ದವು. ಮೊದಮೊದಲು ನನ್ನನ್ನು ಹೆದರಿಸಿದ್ದು ಮೌನ. ನಾನು ಒಂದು ವಾಕ್ಯ ಮುಗಿಸಿದ ಮೇಲೂ ಅವರು ತಕ್ಷಣ ಮಾತನಾಡುತ್ತಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಲು ನಾನು ಇನ್ನೇನೋ ಹೇಳುತ್ತಿದ್ದೆ, ಮತ್ತು ಬಹಳ ಸಲ ಆ 'ಇನ್ನೇನೋ' ಎಂಬುದೇ ಹೇಳಬೇಕಾಗಿದ್ದ ಮಾತಾಗಿರುತ್ತಿತ್ತು. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಮೂರನೆಯ ಸೆಷನ್‌ನಲ್ಲಿ ಇಡೀ ಹೊತ್ತು ಕಚೇರಿಯ ಕಿರಿಕಿರಿಗಳ ಬಗ್ಗೆ ಮಾತನಾಡಿ, ಸಮಯ ಮುಗಿದು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟ ಮೇಲೆ, "ನನ್ನ ತಂದೆ ತೀರಿಕೊಂಡಾಗ ನಾನು ಅಳಲೇ ಇಲ್ಲ" ಎಂದುಬಿಟ್ಟೆ. ಹೀಗೆ ಹೊರಡುವ ಗಳಿಗೆಯಲ್ಲಿ ಮುಖ್ಯವಾದದ್ದನ್ನು ಹೇಳುವುದು ಬಹಳ ಜನರ ಅಭ್ಯಾಸವಂತೆ. ಅವರು ನನ್ನನ್ನು ಮತ್ತೆ ಕೂರಿಸಲಿಲ್ಲ. ಮುಂದಿನ ವಾರ ತಾವೇ ಆ ಮಾತನ್ನು ನೆನಪಿಸಿದರು.

ಸಲಹೆಯನ್ನು ನಿರೀಕ್ಷಿಸಿ ಹೋದರೆ ನಿರಾಶೆಯಾಗಬಹುದು. ಈ ಕೆಲಸದಲ್ಲಿ ಮುಂದುವರಿಯಲೋ ಬಿಡಲೋ ಎಂದು ನಾನು ನೇರವಾಗಿ ಕೇಳಿದಾಗ ಅವರು ಎರಡರಲ್ಲಿ ಯಾವುದನ್ನೂ ಹೇಳದೆ, ಬಿಟ್ಟ ಮರುದಿನ ಬೆಳಿಗ್ಗೆ ಏಳುವ ಚಿತ್ರವನ್ನು ವಿವರವಾಗಿ ಹೇಳಿಸಿದರು. ಆಗ ಸಿಟ್ಟು ಬಂದಿತ್ತು. ಸೆಷನ್ ಮುಗಿದ ಮೇಲೆ ವಿಪರೀತ ದಣಿವಾಗುವುದೂ ಉಂಟು. ಸಾಧ್ಯವಿದ್ದರೆ ಅದರ ಬೆನ್ನಿಗೇ ಬೇರೆ ಕೆಲಸವನ್ನು ಇಟ್ಟುಕೊಳ್ಳಬೇಡಿ, ಅರ್ಧ ಗಂಟೆ ಸುಮ್ಮನೆ ನಡೆದಾಡಿ.

ಹೊಂದದಿದ್ದರೆ ಏನು ಮಾಡಬೇಕೆಂದು ಕೇಳಿದ್ದೀರಿ. ಇವರಿಗಿಂತ ಮೊದಲು ಬೇರೊಬ್ಬರ ಬಳಿ ಮೂರು ಸಲ ಹೋಗಿದ್ದೆ. ನಾನು ಅರ್ಧ ಮಾತು ಹೇಳುವಷ್ಟರಲ್ಲಿ ಅವರು ತಮ್ಮ ಜೀವನದ ಪ್ರಸಂಗವೊಂದನ್ನು ಪೂರ್ತಿ ಹೇಳುತ್ತಿದ್ದರು. ನಾನು ಪ್ರತಿ ಸಲವೂ ವಿನಯದಿಂದ ವಂದಿಸಿ, ಶುಲ್ಕ ಕೊಟ್ಟು, ನಾಲ್ಕನೆಯ ವಾರ ಹೇಳದೆ ಕೇಳದೆ ನಿಲ್ಲಿಸಿ, "ಥೆರಪಿ ನನಗೆ ಒಗ್ಗುವುದಿಲ್ಲ" ಎಂದು ತೀರ್ಮಾನಿಸಿಬಿಟ್ಟೆ. ಅದರಿಂದ ಒಂದು ವರ್ಷ ವ್ಯರ್ಥವಾಯಿತು. ಒಗ್ಗದೆ ಹೋದದ್ದು ಆ ಒಬ್ಬ ವ್ಯಕ್ತಿ ಮಾತ್ರ.

ಉತ್ತರ: ಎದುರುಕುರ್ಚಿ

ನಾನು ಇದೇ ವೃತ್ತಿಯಲ್ಲಿರುವ ಕ್ಲಿನಿಕಲ್ ಸೈಕಾಲಜಿಸ್ಟ್. ನಿಮ್ಮನ್ನು ನೋಡದೆ ನಿಮ್ಮ ತೊಂದರೆಗೆ ಹೆಸರಿಡುವುದು ಸರಿಯಲ್ಲ. ಆದರೆ ನಾವು ಏನು ಮಾಡುತ್ತೇವೆ, ಏಕೆ ಮಾಡುತ್ತೇವೆ ಎಂಬುದನ್ನು ವಿವರಿಸಬಹುದು.

ಮೊದಲ ಒಂದೆರಡು ಭೇಟಿಗಳಲ್ಲಿ ಚಿಕಿತ್ಸೆಗಿಂತ ಹೆಚ್ಚಾಗಿ ಪರಿಚಯ ಮತ್ತು ಪರಿಶೀಲನೆ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಸೆಷನ್ 45ರಿಂದ 50 ನಿಮಿಷ ಇರುತ್ತದೆ, ಮೊದಲನೆಯದು ಇನ್ನೂ ಸ್ವಲ್ಪ ದೀರ್ಘವಾಗಬಹುದು. ನಿದ್ದೆ, ಹಸಿವು, ಕೆಲಸ, ಸಂಬಂಧಗಳು, ಹಿಂದಿನ ಕಾಯಿಲೆಗಳು, ಔಷಧಿಗಳು, ಮದ್ಯ ಮತ್ತಿತರ ಪದಾರ್ಥಗಳ ಸೇವನೆ, ಕುಟುಂಬದಲ್ಲಿ ಇಂಥ ತೊಂದರೆ ಇತ್ತೇ ಎಂಬುದನ್ನು ಕೇಳುತ್ತಾರೆ. ಕೈಗೊಂದು ಪ್ರಶ್ನಾವಳಿಯನ್ನೂ ಕೊಡಬಹುದು. ಖಿನ್ನತೆಗಾಗಿ ಬಹಳ ಕಡೆ ಬಳಸುವ ಪಿಎಚ್‌ಕ್ಯೂ-9ರಲ್ಲಿ ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳಿದ್ದು, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. ಆತಂಕಕ್ಕೆ ಸಂಬಂಧಿಸಿದ ಜಿಎಡಿ-7ರಲ್ಲಿ ಏಳು ಪ್ರಶ್ನೆಗಳು, ಒಟ್ಟು 21. ಇದು ಪರೀಕ್ಷೆಯಲ್ಲ, ಅಂಕವೇ ರೋಗನಿರ್ಣಯವೂ ಅಲ್ಲ. ನಾಲ್ಕಾರು ವಾರಗಳ ನಂತರ ಇದೇ ಹಾಳೆಯನ್ನು ಮತ್ತೆ ತುಂಬಿಸಿದಾಗಲೇ ಇದರ ನಿಜವಾದ ಉಪಯೋಗ ಕಾಣುತ್ತದೆ, ಏಕೆಂದರೆ ಒಂದು ತಿಂಗಳ ಹಿಂದೆ ಹೇಗಿದ್ದೆವು ಎಂಬುದರ ನೆನಪು ನಮ್ಮೆಲ್ಲರಲ್ಲೂ ಬಹಳ ಬೇಗ ಮಸುಕಾಗುತ್ತದೆ.

ಬದುಕು ಸಾಕೆನ್ನಿಸಿದ್ದುಂಟೇ, ಸಾಯುವ ಯೋಚನೆ ಬಂದದ್ದುಂಟೇ ಎಂಬ ಪ್ರಶ್ನೆಯೂ ಬರುತ್ತದೆ. ಅದನ್ನು ಎಲ್ಲರಿಗೂ ಕೇಳುತ್ತೇವೆ. ನಿಮ್ಮ ಮುಖದಲ್ಲಿ ಏನನ್ನೋ ಕಂಡು ಕೇಳಿದರೆಂದು ಗಾಬರಿಯಾಗಬೇಡಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂಥ ಯೋಚನೆ ಈಗಲೇ ತೀವ್ರವಾಗಿದ್ದರೆ ಮಾತ್ರ ಗುರುವಾರದವರೆಗೆ ಕಾಯದೆ ಹತ್ತಿರದವರೊಬ್ಬರಿಗೆ ತಿಳಿಸಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಗೋಪ್ಯತೆಯ ವಿಚಾರಕ್ಕೆ ಬರೋಣ. ನೀವು ಹೇಳಿದ್ದು ನಿಮ್ಮ ಮನೆಯವರಿಗಾಗಲಿ, ಕಚೇರಿಗಾಗಲಿ ನಿಮ್ಮ ಒಪ್ಪಿಗೆಯಿಲ್ಲದೆ ಹೋಗುವಂತಿಲ್ಲ. ಇದಕ್ಕೆ ಕೆಲವು ಅಪವಾದಗಳಿವೆ: ನಿಮ್ಮ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಗಂಭೀರ ಅಪಾಯವಿದ್ದಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿರುವುದು ತಿಳಿದಾಗ, ನ್ಯಾಯಾಲಯ ಆದೇಶಿಸಿದಾಗ. ಇವುಗಳ ವಿವರ ಆಯಾ ದೇಶದ ಕಾನೂನಿನಂತೆ ಬೇರೆಬೇರೆಯಾಗಿರುತ್ತದೆ. ರೋಗಿಯಿಂದ ಅಪಾಯವಿರುವ ಮೂರನೆಯ ವ್ಯಕ್ತಿಯನ್ನು ಕಾಪಾಡುವ ಹೊಣೆ ಚಿಕಿತ್ಸಕರ ಮೇಲೂ ಇದೆ ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ಟ್ಯಾರಸಾಫ್ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ ಈ ಚರ್ಚೆ ಅಮೆರಿಕದ ಆಚೆಗೂ ಹಬ್ಬಿತು. ನಿಮ್ಮ ಚಿಕಿತ್ಸಕರು ಮೊದಲ ದಿನವೇ ಈ ಮಿತಿಗಳನ್ನು ವಿವರಿಸಿ ಒಪ್ಪಿಗೆಪತ್ರಕ್ಕೆ ಸಹಿ ಪಡೆಯಬೇಕು. ವಿವರಿಸದಿದ್ದರೆ ನೀವೇ ಕೇಳಿ: ಟಿಪ್ಪಣಿಗಳನ್ನು ಎಲ್ಲಿ ಇಡುತ್ತೀರಿ, ಯಾರು ನೋಡಬಹುದು, ಎಷ್ಟು ಕಾಲ ಉಳಿಸಿಕೊಳ್ಳುತ್ತೀರಿ? ನಮ್ಮಲ್ಲಿ ಅನೇಕರು ಹಿರಿಯ ಸಹೋದ್ಯೋಗಿಯ ಬಳಿ, ಗುರುತು ಸಿಗದಂತೆ, ಕಷ್ಟದ ಪ್ರಕರಣಗಳನ್ನು ಚರ್ಚಿಸುತ್ತೇವೆ. ಇದನ್ನೂ ಮುಚ್ಚಿಡುವ ಅಗತ್ಯವಿಲ್ಲ.

ಬಾಲ್ಯದ ಪ್ರಶ್ನೆಗೆ ಉತ್ತರ ಚಿಕಿತ್ಸೆಯ ಬಗೆಯನ್ನು ಅವಲಂಬಿಸಿದೆ. ಮನೋವಿಶ್ಲೇಷಣೆಯನ್ನು ಆರಂಭಿಸಿದ ಫ್ರಾಯ್ಡ್ ಅವರ ಪರಂಪರೆಯಿಂದ ಬೆಳೆದು ಬಂದ ಪದ್ಧತಿಗಳಲ್ಲಿ ಹಳೆಯ ಸಂಬಂಧಗಳು ಇಂದಿನ ಬದುಕಿನಲ್ಲಿ ಮರುಕಳಿಸುವ ರೀತಿಗೆ ಹೆಚ್ಚು ಗಮನವಿರುತ್ತದೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಯಿಂದ ಬೆಳೆದ ಸಿಬಿಟಿಯಲ್ಲಾದರೋ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಇಂದಿನ ಯೋಚನೆ, ಭಾವನೆ ಮತ್ತು ನಡವಳಿಕೆಗಳು ಒಂದನ್ನೊಂದು ಹೇಗೆ ಉಳಿಸಿಕೊಂಡು ಬರುತ್ತಿವೆ ಎಂಬುದೇ ಮುಖ್ಯ. ಅಲ್ಲಿ ಮನೆಗೆಲಸವನ್ನೂ ಕೊಡುತ್ತಾರೆ. ಯಾವ ಪದ್ಧತಿಯಲ್ಲೂ ನೀವು ಸಿದ್ಧರಿಲ್ಲದ ವಿಷಯವನ್ನು ಬಲವಂತದಿಂದ ಹೊರತೆಗೆಯುವಂತಿಲ್ಲ. "ಇದನ್ನು ಇವತ್ತು ಮಾತನಾಡಲಾರೆ" ಎನ್ನುವುದು ಪೂರ್ಣ ಉತ್ತರವೇ.

ನಿಮ್ಮ ನಿದ್ದೆಯ ವಿಚಾರ ಕುತೂಹಲಕರವಾಗಿದೆ. ನಸುಕಿನಲ್ಲಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದನ್ನು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದನ್ನು ಸಣ್ಣದೆಂದು ಬದಿಗಿಡದೆ ಎರಡನ್ನೂ ಒಟ್ಟಿಗೆ ಹೇಳಿ. ಥೈರಾಯ್ಡ್ ಗ್ರಂಥಿಯ ತೊಂದರೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆಗಳೂ ಹೀಗೆಯೇ ತೋರಬಹುದಾದ್ದರಿಂದ ವೈದ್ಯರಿಂದ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ನಿದ್ರಾಹೀನತೆಗೆಂದೇ ರೂಪಿಸಿದ ಸಿಬಿಟಿಯೂ ಇದೆ. ದೀರ್ಘಕಾಲದ ನಿದ್ರಾಹೀನತೆಗೆ ವಯಸ್ಕರಲ್ಲಿ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಈ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿದೆ. ಅದರಲ್ಲಿ ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕಡಿಮೆ ಮಾಡಿಸುವುದರಿಂದ ಆರಂಭದ ವಾರಗಳಲ್ಲಿ ಹಗಲಿನ ತೂಕಡಿಕೆ ಹೆಚ್ಚುತ್ತದೆ. ಇದನ್ನು ಮೊದಲೇ ತಿಳಿಯದವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಔಷಧಿ ಬರೆಯುವವರು ಮನೋವೈದ್ಯರು, ನಮ್ಮಂಥ ಸೈಕಾಲಜಿಸ್ಟ್‌ಗಳಲ್ಲ. ಅಗತ್ಯವೆನಿಸಿದರೆ ಅವರ ಬಳಿಗೆ ಕಳುಹಿಸುತ್ತಾರೆ, ನಿರ್ಧಾರ ನಿಮ್ಮದೇ.

ಎಷ್ಟು ದಿನ ಎಂಬ ಪ್ರಶ್ನೆಗೆ ಒಂದೇ ಅಳತೆಯಿಲ್ಲ. ಆತಂಕ, ಖಿನ್ನತೆಗಳಿಗೆ ಕೊಡುವ ಸಿಬಿಟಿ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಸೆಷನ್‌ಗಳಲ್ಲಿ ಮುಗಿಯುತ್ತದೆ, ಬೇರೆ ಬಗೆಯವು ವರ್ಷಗಟ್ಟಲೆ ನಡೆಯಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನ್ನೆತ್ ಹೊವಾರ್ಡ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1986ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಎಂಟನೆಯ ಸೆಷನ್ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿ, ಇಪ್ಪತ್ತಾರನೆಯದರ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅಳೆಯಬಹುದಾದ ಸುಧಾರಣೆ ಕಂಡಿತ್ತು. ಇದರ ಇನ್ನೊಂದು ಮುಖವೆಂದರೆ, ಎಂಟು ಸೆಷನ್ ಆದರೂ ಅಂಥ ಸುಧಾರಣೆ ಕಾಣದ ಅರ್ಧದಷ್ಟು ಜನರೂ ಇದ್ದರು.

ನಿಮ್ಮ ಸಂಕೋಚದ ಬಗ್ಗೆ ಒಂದೇ ಮಾತು: ಕಷ್ಟದ ಗಾತ್ರ ಅಳೆದು ಒಳಗೆ ಬಿಡುವ ಬಾಗಿಲು ನಮ್ಮಲ್ಲಿಲ್ಲ. ಬಹಳ ಜನ ನೀವು ಬಂದ ಹಂತದಲ್ಲಿ ಬಾರದೆ, ಕೆಲಸ ಮತ್ತು ಮನೆ ಎರಡೂ ಕೈಬಿಡುವ ಹಂತದಲ್ಲಿ ಬರುತ್ತಾರೆ. ಆಗ ಹಿಡಿಯುವ ಸಮಯವೂ ಹೆಚ್ಚು.

ಉತ್ತರ: ಅರ್ಧದಾರಿ

ಮೇಲಿನ ಇಬ್ಬರೂ ಸರಿಯಾಗಿಯೇ ಬರೆದಿದ್ದಾರೆ. ಆದರೂ ಥೆರಪಿಯ ವಿಚಾರ ಬಂದಾಗ ಉಪಯೋಗ ಪಡೆದವರ ದನಿಯೇ ಹೆಚ್ಚು ಕೇಳಿಬರುವುದರಿಂದ, ಪಡೆಯದವರ ಪರವಾಗಿ ನಾನೂ ಸ್ವಲ್ಪ ಬರೆಯುತ್ತೇನೆ.

ನಾನು ಏಳು ತಿಂಗಳು ಪ್ರತಿ ವಾರ ಹೋದೆ. ಚಿಕಿತ್ಸಕರು ಸಜ್ಜನರು, ತಾಳ್ಮೆಯಿಂದ ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು, ನನ್ನ ಮಾತನ್ನೇ ಸ್ವಲ್ಪ ಬೇರೆ ಶಬ್ದಗಳಲ್ಲಿ ನನಗೆ ಹಿಂತಿರುಗಿಸುತ್ತಿದ್ದರು. ಹೊರಬಂದ ದಿನ ಮನಸ್ಸು ಹಗುರವಾಗಿರುತ್ತಿತ್ತು, ಮೂರನೆಯ ದಿನಕ್ಕೆ ಮತ್ತೆ ಮೊದಲಿನಂತೆಯೇ. ಅದೇ ಸಂಬಂಧದ ಅದೇ ದೂರನ್ನು ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಹೇಳಿಕೊಂಡ ಮೇಲೆ, ನಾನು ಬದಲಾಗುತ್ತಿಲ್ಲ, ನನ್ನ ದೂರು ಮಾತ್ರ ದಿನೇದಿನೇ ಚೆನ್ನಾಗಿ ಪಳಗುತ್ತಿದೆ ಎಂದು ಅರಿವಾಯಿತು. ತಪ್ಪು ಅವರದೊಬ್ಬರದೇ ಎನ್ನಲಾರೆ. ಏನಾದರೆ ಸಾಕೆಂದು ಬಂದಿದ್ದೇನೆ ಎಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದ್ದರಿಂದ ಖಾಲಿಪುಟ ಅವರೇ, ಮೊದಲೆರಡು ಭೇಟಿಗಳಲ್ಲೇ ಈ ಒಂದು ಪ್ರಶ್ನೆಯನ್ನು ನೀವೇ ಮುಂದಿಡಿ: "ಇದು ಕೆಲಸ ಮಾಡುತ್ತಿದೆ ಎಂದು ನಾವಿಬ್ಬರೂ ಯಾವುದರಿಂದ ತಿಳಿಯಬೇಕು?" ನೆಮ್ಮದಿ ಬೇಕು ಎಂಬಂಥ ಉತ್ತರ ಸಾಲದು. ವಾರದಲ್ಲಿ ನಾಲ್ಕು ರಾತ್ರಿ ನಿದ್ದೆ ಬರಬೇಕು, ಬಿಟ್ಟುಹೋದ ಗೆಳೆಯರ ಜೊತೆ ಮತ್ತೆ ಮಾತನಾಡುವಂತಾಗಬೇಕು ಎಂಬಷ್ಟು ನಿರ್ದಿಷ್ಟವಾಗಿರಲಿ. ಇನ್ನು ಕೆಲವು ಲಕ್ಷಣಗಳು ಕಂಡರೆ ಎರಡನೆಯ ಯೋಚನೆಯೇ ಬೇಡ, ಅಲ್ಲಿಗೆ ಹೋಗುವುದನ್ನು ಬಿಟ್ಟುಬಿಡಿ: ಖಂಡಿತ ಗುಣಪಡಿಸುತ್ತೇನೆಂದು ಮಾತು ಕೊಡುವವರು, ಸಾಲ ಕೇಳುವವರು ಅಥವಾ ತಮ್ಮ ವ್ಯವಹಾರಕ್ಕೆ ಎಳೆಯುವವರು, ಇದು ನಮ್ಮಿಬ್ಬರಲ್ಲೇ ಇರಲಿ ಎನ್ನುತ್ತ ಸಲುಗೆ ಬೆಳೆಸುವವರು. ಚಿಕಿತ್ಸಕರು ತಮ್ಮ ಬಳಿ ಬಂದವರೊಂದಿಗೆ ಪ್ರಣಯ ಅಥವಾ ದೈಹಿಕ ಸಂಬಂಧ ಬೆಳೆಸುವುದು ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ; ಅದು ದೂರು ಕೊಡಬೇಕಾದ ಅಪರಾಧ.

ಉತ್ತರ: ಎದುರುಕುರ್ಚಿ

ಅರ್ಧದಾರಿ ಅವರು ಹೇಳಿದ್ದನ್ನು ನಮ್ಮ ವೃತ್ತಿಯವರು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಥೆರಪಿಯ ಅವಧಿಯಲ್ಲಿ ಸ್ಥಿತಿ ಮೊದಲಿಗಿಂತ ಹದಗೆಡುವವರ ಪ್ರಮಾಣ ವಯಸ್ಕರಲ್ಲಿ ನೂರಕ್ಕೆ 5ರಿಂದ 10ರಷ್ಟಿದೆ ಎಂದು ಸಂಶೋಧನೆಗಳು ತೋರಿಸುತ್ತವೆ, ಮತ್ತು ಅದು ಚಿಕಿತ್ಸಕರ ಗಮನಕ್ಕೆ ತಾನಾಗಿಯೇ ಬರುವುದು ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಚಿಕಿತ್ಸಕ ಮತ್ತು ಬಂದವರ ನಡುವಿನ ಮೈತ್ರಿಗೆ ಮೂರು ಅಂಗಗಳನ್ನು ಗುರುತಿಸಿದರು: ಗುರಿಯ ಬಗ್ಗೆ ಒಮ್ಮತ, ಅದಕ್ಕಾಗಿ ಮಾಡುವ ಕೆಲಸದ ಬಗ್ಗೆ ಒಮ್ಮತ, ಇಬ್ಬರ ನಡುವಿನ ವಿಶ್ವಾಸ. ಅರ್ಧದಾರಿ ಅವರ ವಿಚಾರದಲ್ಲಿ ಮೂರನೆಯದು ಧಾರಾಳವಾಗಿತ್ತು, ಮೊದಲೆರಡು ಇರಲಿಲ್ಲ ಎಂದು ತೋರುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಗಮನದಲ್ಲಿಡಿ. ತಪ್ಪಿಸಿಕೊಂಡು ಬಂದಿದ್ದ ಭಯವನ್ನು ಎದುರಿಸತೊಡಗಿದಾಗ ಅಥವಾ ಮುಚ್ಚಿಟ್ಟ ದುಃಖವನ್ನು ಮುಟ್ಟಿದಾಗ ಕೆಲವು ದಿನ ಕಷ್ಟ ಹೆಚ್ಚುವುದು ಸಹಜ. ಆದರೆ ಇಂಥದ್ದು ಏಕೆ ಆಗುತ್ತಿದೆ, ಎಷ್ಟು ದಿನ ಇರಬಹುದು ಎಂಬುದನ್ನು ನಿಮ್ಮ ಚಿಕಿತ್ಸಕರು ವಿವರಿಸಬಲ್ಲವರಾಗಿರಬೇಕು. ವಾರದಿಂದ ವಾರಕ್ಕೆ ಕುಸಿಯುತ್ತ ಹೋದರೆ, ಅಥವಾ ನಾಲ್ಕರಿಂದ ಆರು ಸೆಷನ್ ಕಳೆದರೂ ದಿಕ್ಕೇ ತಿಳಿಯದಿದ್ದರೆ, ಅದನ್ನು ಅವರ ಎದುರಿಗೇ ಹೇಳಿ. ಹೇಳಿದರೆ ನೊಂದುಕೊಳ್ಳುತ್ತಾರೆಂಬ ದಾಕ್ಷಿಣ್ಯ ಬೇಡ. ಒಳ್ಳೆಯ ಚಿಕಿತ್ಸಕರು ದಾರಿ ಬದಲಿಸುತ್ತಾರೆ, ಇಲ್ಲವೇ ಬೇರೊಬ್ಬರ ಹೆಸರು ಸೂಚಿಸುತ್ತಾರೆ. ಮುಖ ಗಂಟಿಕ್ಕಿದರೆ ಅದೂ ನಿಮಗೊಂದು ಉತ್ತರವೇ ಆಗುತ್ತದೆ.

ಪ್ರಶ್ನೆ ಕೇಳಿದವರು: ಖಾಲಿಪುಟ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹೋಗಿ ಬಂದೆ. ನಾನು ಊಹಿಸಿಕೊಂಡಿದ್ದಕ್ಕಿಂತ ಸಪ್ಪೆಯಾಗಿತ್ತು ಎಂದರೆ ಅದು ದೂರಲ್ಲ. ಮೊದಲ ಹತ್ತು ನಿಮಿಷ ಒಪ್ಪಿಗೆಪತ್ರ, ಗೋಪ್ಯತೆ, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು ಎಂಬಂಥ ವಿಚಾರಗಳಲ್ಲೇ ಕಳೆಯಿತು. ಟಿಪ್ಪಣಿಗಳ ಬಗ್ಗೆ ಕೇಳಿದ್ದಕ್ಕೆ ಬೇಸರಿಸದೆ ಬೀರುವನ್ನೇ ತೋರಿಸಿದರು. ಒಂಬತ್ತು ಪ್ರಶ್ನೆಗಳ ಹಾಳೆಯೂ ಬಂತು. ಸಾವಿನ ಕುರಿತ ಪ್ರಶ್ನೆ ಬರುತ್ತದೆಂದು ಮೊದಲೇ ತಿಳಿದಿದ್ದರಿಂದ ಗಾಬರಿಯಾಗಲಿಲ್ಲ. ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದ್ದಾರೆ. ಅಳಲಿಲ್ಲ, ಮೆಟ್ಟಿಲಿಳಿಯುವಾಗ ಮಾತ್ರ ಕಾರಣವಿಲ್ಲದೆ ಕಣ್ಣು ತುಂಬಿತು.

ಯಾವುದರಿಂದ ತಿಳಿಯಬೇಕು ಎಂಬ ಪ್ರಶ್ನೆಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮೂರು ಗಂಟೆಗೆ ಎಚ್ಚರವಾದಾಗ ನಿಮಗೆ ಏನಾಗಬೇಕೆಂದು ಆಸೆ?" ಎಂದು ಕೇಳಿದರು. ಎಚ್ಚರವೇ ಆಗಬಾರದು ಎಂದೆ. ಅದು ಸಾಧ್ಯವಾಗದಿದ್ದರೆ, ಎಂದರು. ಎಚ್ಚರವಾದರೂ ನನ್ನನ್ನು ನಾನೇ ವಿಚಾರಣೆಗೆ ನಿಲ್ಲಿಸಿಕೊಳ್ಳಬಾರದು ಎಂಬ ಮಾತು ಬಾಯಿಗೆ ಬಂತು. ಅದನ್ನೇ ಬರೆದುಕೊಂಡರು.

ಒಂದು ಸಣ್ಣ ಸಂದೇಹ ಉಳಿದಿದೆ. ಎರಡು ವಾರ ನಿದ್ದೆಯ ದಿನಚರಿ ಬರೆಯಲು ಹೇಳಿದ್ದಾರೆ: ಎಷ್ಟಕ್ಕೆ ಮಲಗಿದೆ, ಎಷ್ಟು ಬಾರಿ ಎಚ್ಚರವಾಯಿತು, ಎಷ್ಟು ಹೊತ್ತು. ಅದಕ್ಕಾಗಿ ನಿನ್ನೆ ರಾತ್ರಿ ಪದೇ ಪದೇ ಫೋನ್ ತೆಗೆದು ಗಂಟೆ ನೋಡಿದೆ, ಇದ್ದ ನಿದ್ದೆಯೂ ಹೋಯಿತು.

ಉತ್ತರ: ಎದುರುಕುರ್ಚಿ

ರಾತ್ರಿ ಗಂಟೆ ನೋಡಲೇಬೇಡಿ. ಬೆಳಿಗ್ಗೆ ಎದ್ದ ಮೇಲೆ ನೆನಪಿದ್ದಷ್ಟನ್ನು ಅಂದಾಜಿನಿಂದ ತುಂಬಿದರೆ ಸಾಕು. ಈ ದಿನಚರಿಗೆ ಬೇಕಾದದ್ದೂ ಅಂದಾಜೇ. ಫೋನನ್ನು ಕೈಗೆಟುಕದಷ್ಟು ದೂರದಲ್ಲಿಡಿ, ಗಡಿಯಾರವಿದ್ದರೆ ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ. ನಿನ್ನೆಯ ರಾತ್ರಿಯನ್ನೂ ಬಿಡದೆ ಮೊದಲ ಸಾಲಿನಲ್ಲೇ ಬರೆಯಿರಿ, ಫೋನ್ ನೋಡಿದ ವಿಷಯವನ್ನೂ ಸೇರಿಸಿ.